ತೂಗಿದ್ದು ಬಿದ್ದದ್ದಲ್ಲ

ಶ್ರಾವಣ ಮಾಸದ ನಾಗರಪಂಚಮಿ ಬಂದಿತೆಂದರೆ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಜೋಕಾಲಿ ಕಟ್ಟುವ ಸಂಭ್ರಮ. ತವರಿಗೆ ಬಂದ ಹೆಣ್ಣುಮಕ್ಕಳು ಮರದ ಟೊಂಗೆಗೋ ಮನೆಯ ತೊಲೆಗೋ ಕಟ್ಟಿದ ಜೋಕಾಲಿಯಲ್ಲಿ ಜೀಕುತ್ತಾರೆ. ಆದರೆ ಮಕ್ಕಳು ಮಣೆಯ ಮೇಲೆ ಕುಳಿತುಕೊಳ್ಳುವ ಮೊದಲು ಮನೆಯ ಹಿರಿಯರೊಬ್ಬರು ಹಗ್ಗವನ್ನು ಎರಡು ಸಲ ಬಲವಾಗಿ ಜಗ್ಗಿ ನೋಡುತ್ತಾರೆ. ಈ ಚಿಕ್ಕ ಎಚ್ಚರಿಕೆಯಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆ. ತೂಗುವವನ ಕ್ಷೇಮವು ಅವನ ಕೈಯಲ್ಲಿಲ್ಲ. ಅವನನ್ನು ಹಿಡಿದ ಹಗ್ಗದಲ್ಲಿದೆ.

ಇಂಗ್ಲಿಷಿನಿಂದ ಬಂದ ‘ಸಸ್ಪೆನ್ಷನ್’ ಎಂಬ ಶಬ್ದ ಇಂದು ನಮ್ಮ ಮನೆಮನೆಯ ಮಾತಾಗಿದೆ. ಔಷಧದ ಸೀಸೆಯ ಮೇಲೆ, ಮೋಟಾರು ದುರಸ್ತಿಯ ಅಂಗಡಿಯಲ್ಲಿ, ಕಚೇರಿಯ ಆದೇಶದಲ್ಲಿ ಅದು ಬೇರೆ ಬೇರೆ ಅರ್ಥದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಕನ್ನಡದ ‘ತೂಗು’ ಎಂಬ ಮಾತು ಇದಕ್ಕಿಂತ ಅರ್ಥವತ್ತಾದುದು. ತೊಟ್ಟಿಲನ್ನು ಆಡಿಸುವುದೂ ತೂಗುವುದೇ, ತಕ್ಕಡಿಯಲ್ಲಿ ಭಾರವನ್ನು ಅಳೆಯುವುದೂ ತೂಗುವುದೇ. ಮಮತೆ ಮತ್ತು ನ್ಯಾಯ ಎರಡೂ ಒಂದೇ ಶಬ್ದದಲ್ಲಿ ಸೇರಿಕೊಂಡಿವೆ.

ನೀರಿನಲ್ಲಿ ನಿಂತ ಕಣ

ಸಕ್ಕರೆಯನ್ನು ನೀರಿಗೆ ಹಾಕಿದರೆ ಅದು ಕರಗಿ ನೀರಿನೊಡನೆ ಒಂದಾಗುತ್ತದೆ. ಆದರೆ ಅಂಬಲಿಯಲ್ಲಿರುವ ಹಿಟ್ಟು ಕರಗುವುದಿಲ್ಲ. ಸ್ವಲ್ಪ ಹೊತ್ತು ತೇಲಿಕೊಂಡಿದ್ದು ಕ್ರಮೇಣ ತಳಕ್ಕೆ ಇಳಿಯುತ್ತದೆ. ಹೀಗೆ ಕರಗದೆ, ಕೂಡಲೇ ಮುಳುಗದೆ, ನಡುವೆ ನಿಂತ ಕಣಗಳ ಸ್ಥಿತಿಗೆ ವಿಜ್ಞಾನವು ಸಸ್ಪೆನ್ಷನ್ ಎನ್ನುತ್ತದೆ.

ತಾಯಂದಿರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಮಕ್ಕಳ ಜ್ವರಕ್ಕೆ ಕೊಡುವ ಅನೇಕ ದ್ರವ ಔಷಧಗಳು ಈ ಬಗೆಯವು. ಸೀಸೆಯನ್ನು ಚೆನ್ನಾಗಿ ಅಲುಗಾಡಿಸದೆ ಕೊಟ್ಟರೆ ಮೊದಲಿನ ಚಮಚಗಳಲ್ಲಿ ಔಷಧಾಂಶ ಕಡಿಮೆಯಾಗಿ ಜ್ವರ ಇಳಿಯದು. ಕೊನೆಯ ಚಮಚಗಳಲ್ಲಿ ಅದು ಮಿತಿಮೀರಿ ಕೂಸಿಗೆ ಅಪಾಯವಾದೀತು. ಆದುದರಿಂದ ಪ್ರತಿ ಸಲವೂ ಅಲುಗಾಡಿಸಿಯೇ ಕೊಡಬೇಕು.

ಮಳೆಗಾಲದಲ್ಲಿ ಮಲಪ್ರಭೆಯ ನೀರು ಕೆಂಪಾಗುವುದೂ ಇದೇ ಕಾರಣದಿಂದ. ಮಣ್ಣಿನ ಅತಿಸೂಕ್ಷ್ಮ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತು ಪರಸ್ಪರ ದೂರ ತಳ್ಳುತ್ತಿರುತ್ತವೆ. ಪಟಕವನ್ನು ಹಾಕಿದಾಗ ಆ ವಿರೋಧ ಶಮನಗೊಂಡು ಕಣಗಳು ಒಂದುಗೂಡಿ ತಳ ಸೇರುತ್ತವೆ, ನೀರು ತಿಳಿಯಾಗುತ್ತದೆ. ಕಲಕಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ತಿಳಿಯಾಗಲು ಅವಕಾಶ ಕೊಡುತ್ತಾರೆ.

ಸೇತುವೆಯ ಭಾರ

ತೂಗುಸೇತುವೆಯ ಮಾತು ಬಂದಾಗ ಕನ್ನಡಿಗರು ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರನ್ನು ನೆನೆಯಲೇಬೇಕು. 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ಹೊಳೆಗೆ ಅವರು ಕಾಲ್ನಡಿಗೆಯ ತೂಗುಸೇತುವೆ ಕಟ್ಟಿದರು. ಮುಂದೆ ಅಂತಹ ನೂರಕ್ಕೂ ಹೆಚ್ಚು ಸೇತುವೆಗಳು ಅವರ ಕೈಯಿಂದ ಆದವು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. ಮಳೆಗಾಲದಲ್ಲಿ ಹೊಳೆ ತುಂಬಿ ಹೊರಜಗತ್ತಿನ ಸಂಪರ್ಕವೇ ಕಡಿದುಹೋಗುವ ಹಳ್ಳಿಗಳಿಗೆ ಇಂತಹ ಸೇತುವೆಯೇ ಶಾಲೆಯ ದಾರಿ, ಆಸ್ಪತ್ರೆಯ ದಾರಿ.

ಇದರ ರಚನೆ ಸರಳವಾದುದು. ನಡೆಯುವವರ ಭಾರವನ್ನು ಉಕ್ಕಿನ ಹಗ್ಗಗಳು ಹೊತ್ತು ಎರಡೂ ದಡದ ಕಂಬಗಳಿಗೆ ಒಪ್ಪಿಸುತ್ತವೆ. ಹಗ್ಗದ ತುದಿಗಳನ್ನು ನೆಲದಲ್ಲಿ ಹೂತ ಭದ್ರವಾದ ಕಟ್ಟಡ ಹಿಡಿದಿರುತ್ತದೆ. ಹಿಡಿತ ಸಡಿಲಿದರೆ ಏನಾಗುತ್ತದೆ ಎಂಬುದನ್ನು ಗುಜರಾತಿನ ಮೋರ್ಬಿಯ ದುರಂತ ತೋರಿಸಿತು. 2022ರ ಅಕ್ಟೋಬರ್ 30ರಂದು ಅಲ್ಲಿಯ ತೂಗುಸೇತುವೆ ಹರಿದು 130ಕ್ಕೂ ಹೆಚ್ಚು ಜನ ಅಸುನೀಗಿದರು. ಒಂದು ಮುಖ್ಯ ಹಗ್ಗದ 49 ಎಳೆಗಳಲ್ಲಿ 22 ಎಳೆಗಳು ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖೆಯಲ್ಲಿ ಕಂಡುಬಂದಿತು. ಸೇತುವೆಯ ಮೇಲೆ ನಿಂತವರಿಗೆ ಆ ಎಳೆಗಳ ಸ್ಥಿತಿ ತಿಳಿಯುವಂತಿರಲಿಲ್ಲ. ಹಗ್ಗವನ್ನು ನೋಡಿಕೊಳ್ಳಬೇಕಾದವರು ನೋಡಿರಲಿಲ್ಲ.

ಬೆಂಗೇರಿಯ ಧ್ವಜ

ಈಗ ನಮ್ಮ ಹುಬ್ಬಳ್ಳಿಯ ಬೆಂಗೇರಿಗೆ ಬರೋಣ. 1957ರ ನವೆಂಬರ್ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ನೆಲೆ ಇದು. ಭಾರತೀಯ ಮಾನಕ ಸಂಸ್ಥೆಯ ಮನ್ನಣೆ ಪಡೆದ ಖಾದಿ ರಾಷ್ಟ್ರಧ್ವಜಗಳು ಇಲ್ಲಿ ಸಿದ್ಧವಾಗುತ್ತವೆ. ಬಾಗಲಕೋಟೆ ಸೀಮೆಯ ಮಗ್ಗಗಳಲ್ಲಿ ನೇಯ್ದ ಬಟ್ಟೆಗೆ ಬಣ್ಣ ಹಾಕಿ, ಚಕ್ರ ಮುದ್ರಿಸಿ, ಹೊಲಿದು, ಕಡೆಗೆ ಹಗ್ಗವನ್ನೂ ಮರದ ಗುಂಡಿಯನ್ನೂ ಜೋಡಿಸುತ್ತಾರೆ. ಈ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಮಹಿಳೆಯರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದಿಂದ ತಯಾರಾದ ಧ್ವಜಗಳಿಗೂ ಅನುಮತಿ ದೊರೆತಾಗ ಬೆಂಗೇರಿಯ ಬೇಡಿಕೆ ಕುಗ್ಗಿ, ಈ ತಾಯಂದಿರ ಜೀವನವೇ ತೂಗುಗತ್ತಿಯ ಕೆಳಗೆ ಬಂದಿತು.

ಧ್ವಜವನ್ನು ಅರ್ಧಕ್ಕೆ ಇಳಿಸುವ ನಿಯಮವನ್ನು ಬಹಳ ಜನ ಅರಿತಿಲ್ಲ. ರಾಷ್ಟ್ರೀಯ ಶೋಕದ ದಿನವೂ ಧ್ವಜವನ್ನು ನೇರವಾಗಿ ಅರ್ಧದಲ್ಲಿ ನಿಲ್ಲಿಸುವಂತಿಲ್ಲ. ಮೊದಲು ಪೂರ್ಣವಾಗಿ ತುದಿಗೇರಿಸಿ, ಆ ಬಳಿಕ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುನ್ನ ಮತ್ತೊಮ್ಮೆ ತುದಿಗೇರಿಸಬೇಕು. ಶೋಕದ ನಡುವೆಯೂ ಧ್ವಜದ ಗೌರವ ಅರ್ಧವಾಗುವುದಿಲ್ಲ. ಅರ್ಧದಲ್ಲಿ ನಿಂತದ್ದು ಬಿದ್ದದ್ದಲ್ಲ ಎಂಬುದನ್ನು ಆ ಹಗ್ಗ ದಿನಕ್ಕೆ ಎರಡು ಸಲ ಸಾರುತ್ತದೆ.

ಕೊರಳ ಶಿವದಾರ

ಧರ್ಮದ ಹೆಸರಿನಲ್ಲಿಯೂ ತೂಗುವ ಆಚರಣೆಗಳುಂಟು. ಕೆಲವೆಡೆ ಜಾತ್ರೆಗಳಲ್ಲಿ ಬೆನ್ನಿಗೆ ಕೊಕ್ಕೆ ಚುಚ್ಚಿಸಿಕೊಂಡು ತೂಗಾಡುವ ಸಿಡಿಯಾಟವಿತ್ತು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ಇದನ್ನು ನಿಷೇಧಿಸಿದೆ.

ಶರಣರು ತೋರಿದ ದಾರಿ ದೇಹವನ್ನು ನೋಯಿಸುವುದಲ್ಲ, ದೇಹವನ್ನೇ ದೇಗುಲವೆಂದು ಬಗೆಯುವುದು. ನಮ್ಮಲ್ಲಿ ತೂಗುವುದು ಶಿವದಾರದಲ್ಲಿರುವ ಇಷ್ಟಲಿಂಗ. ಗರ್ಭದಲ್ಲಿರುವ ಶಿಶುವಿಗೂ ತಾಯಿಯ ಮೂಲಕ ಲಿಂಗಧಾರಣೆ ಮಾಡುವ ಪದ್ಧತಿಯುಂಟು. ಹುಟ್ಟಿದವರು ಬಡವರಾಗಲಿ ಬಲ್ಲಿದರಾಗಲಿ, ಹೆಣ್ಣಾಗಲಿ ಗಂಡಾಗಲಿ, ದಾರ ಒಂದೇ. ಮೇಲ್ನೋಟಕ್ಕೆ ನಾವು ಲಿಂಗವನ್ನು ಧರಿಸಿದ್ದೇವೆ. ಒಳನೋಟಕ್ಕೆ ಲಿಂಗವೇ ನಮ್ಮನ್ನು ಹಿಡಿದಿದೆ. ಈ ನಂಬಿಕೆಯುಳ್ಳವನು ಇನ್ನೊಬ್ಬನ ಕಷ್ಟಕಾಲದಲ್ಲಿ ಅವನ ಹಗ್ಗವನ್ನು ಕತ್ತರಿಸಲಾರ.

ಅಮಾನತು ಎಂದರೇನು?

ಈ ಮಾತಿನ ನಿಜವಾದ ಪರೀಕ್ಷೆಯಾಗುವುದು ನೌಕರನೊಬ್ಬನ ಮನೆಗೆ ಅಮಾನತಿನ ಆದೇಶ ಬಂದ ದಿನ. ಅಂದಿನಿಂದ ನೆರೆಯವರ ದೃಷ್ಟಿ ಬದಲಾಗುತ್ತದೆ. ಮಗಳ ಸಂಬಂಧದ ಮಾತುಕತೆ ನಿಂತುಹೋಗುತ್ತದೆ. ಮನೆಯೊಡತಿ ಮದುವೆ ಮುಂಜಿಗೆ ಹೋಗಲು ಅಳುಕುತ್ತಾಳೆ. ವಿಚಾರಣೆಯೇ ಆರಂಭವಾಗಿರುವುದಿಲ್ಲ, ಓಣಿಯ ತೀರ್ಪು ಆಗಲೇ ಹೊರಬಿದ್ದಿರುತ್ತದೆ.

ಕಾನೂನು ಹೇಳುವುದು ಬೇರೆ. ಕರ್ನಾಟಕ ನಾಗರಿಕ ಸೇವೆಗಳ 1957ರ ನಿಯಮಗಳಲ್ಲಿ ಅಮಾನತಿನ ವಿಷಯ 10ನೆಯ ನಿಯಮದಲ್ಲಿದೆ. ದಂಡನೆಗಳ ಪಟ್ಟಿಯಲ್ಲಿ ಅದಿಲ್ಲ. ಸಾಕ್ಷ್ಯ ಕೆಡದಿರಲಿ, ವಿಚಾರಣೆ ನಿರಾತಂಕವಾಗಿ ನಡೆಯಲಿ ಎಂಬುದು ಅದರ ಉದ್ದೇಶ. ನೌಕರನ ನೌಕರಿ ಹೋಗಿರುವುದಿಲ್ಲ. ಸಂಸಾರ ಸಾಗಲು ಆರಂಭದಲ್ಲಿ ಸುಮಾರು ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಸಲ್ಲುತ್ತದೆ. ಹಗ್ಗ ಹಿಡಿದವರಿಗೂ ಹೊಣೆಯುಂಟು. ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೂರು ತಿಂಗಳೊಳಗೆ ದೋಷಾರೋಪ ಪತ್ರ ಕೊಡದಿದ್ದರೆ ಅಮಾನತು ಮುಂದುವರಿಯಬಾರದೆಂದು ಹೇಳಿತು.

ಅಮಾನತು ಎಂಬ ಶಬ್ದವನ್ನೇ ನೋಡಿರಿ. ಅರಬ್ಬಿ ಮೂಲದ ಈ ಮಾತಿಗೆ ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥವಿದೆ. ಠೇವಣಿಗೂ ಅಮಾನತು ಎನ್ನುತ್ತಾರೆ. ಲೆಕ್ಕ ಬರೆಯುವವರು ಯಾವ ಬಾಬಿಗೆ ಸೇರಿದ್ದೆಂದು ತಿಳಿಯದ ಹಣವನ್ನು ಅಮಾನತು ಖಾತೆಗೆ ಹಾಕುತ್ತಾರೆ, ನಷ್ಟವೆಂದು ಬರೆದುಬಿಡುವುದಿಲ್ಲ. ನಿಜ ಗೊತ್ತಾಗುವವರೆಗೆ ಜೋಪಾನವಾಗಿಡುತ್ತಾರೆ. ಹಾಗೆಯೇ ಅಮಾನತಾದ ಮನುಷ್ಯನ ಮಾನವೂ ಸಮಾಜದ ಕೈಯಲ್ಲಿಟ್ಟ ಠೇವಣಿ. ತಪ್ಪು ಮಾಡಿದ್ದರೆ ಶಿಕ್ಷೆಯಾಗಲಿ. ಲಂಚ, ವಂಚನೆಗಳನ್ನು ಮುಚ್ಚಿಡುವುದು ಕಾಯಕಧರ್ಮಕ್ಕೆ ಸಲ್ಲದು. ಆದರೆ ತೂಗಿ ನೋಡುವ ಮೊದಲೇ ತಕ್ಕಡಿಯನ್ನು ಒದೆಯುವುದು ನ್ಯಾಯವಲ್ಲ. ಆ ಮನೆಯ ಹೆಂಡತಿ ಮಕ್ಕಳಂತೂ ಯಾವ ಆರೋಪಕ್ಕೂ ಒಳಗಾದವರಲ್ಲ.

ಶರಣಬಂಧುಗಳೇ, ನಿಮ್ಮ ಓಣಿಯಲ್ಲಿ ಇಂತಹ ಮನೆಯೊಂದಿದ್ದರೆ ಈ ಸೋಮವಾರ ಅಲ್ಲಿಗೆ ಹೋಗಿ ಬನ್ನಿರಿ. ಪ್ರಕರಣದ ಮಾತು ಎತ್ತಬೇಡಿರಿ. ಪೂಜೆಗೆ, ಪ್ರಸಾದಕ್ಕೆ ಎಂದಿನಂತೆ ಅವರನ್ನು ಕರೆಯಿರಿ. ಹಗ್ಗ ಗಟ್ಟಿಯಾಗಿದೆ ಎಂದು ಅವರಿಗೆ ತಿಳಿಯಲು ಅಷ್ಟೇ ಸಾಕು.