ಮಂಡ್ಯಕ್ಕೆ ಎಷ್ಟು ಅಕ್ಷರ?

‘ಮಂಡ್ಯ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಪ್ರೈಮರಿ ಶಾಲೆಯ ಮಕ್ಕಳೂ ಎರಡು ಅಂತಾರೆ. ಕಂಪ್ಯೂಟರಿನ ಲೆಕ್ಕವೇ ಬೇರೆ. ಯುನಿಕೋಡ್ ಪ್ರಕಾರ ಮ, ಸೊನ್ನೆ, ಡ, ಒತ್ತಕ್ಷರ ಕೂಡಿಸುವ ಚಿಹ್ನೆ, ಯ – ಒಟ್ಟು 5 ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ ಒಂದೊಂದಕ್ಕೆ 3ರಂತೆ 15 ಬೈಟ್. ಮದ್ದೂರು ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ 7 ಸಂಕೇತ, 21 ಬೈಟ್. ಮಳವಳ್ಳಿಗೆ ನಾಲ್ಕಕ್ಷರ ಇದ್ದರೂ ಯಂತ್ರಕ್ಕೆ ಅದು ಮದ್ದೂರಿನಷ್ಟೇ ಉದ್ದ!

ಇದು ಎರಡು ಮಾರ್ಕಿನ ಪ್ರಶ್ನೆ ಅಂತ ಬಿಟ್ಟುಬಿಡುವ ಹಾಗಿಲ್ಲ. ಮ್ಯಾಸ್ಟೊಡಾನ್, ಬ್ಲೂಸ್ಕೈನಂಥ ವಿಕೇಂದ್ರಿತ ಜಾಲಗಳಲ್ಲಿ ಕನ್ನಡ ಕೆಡದೆ ಓಡಾಡುವುದು ಇದೇ ಲೆಕ್ಕದ ಮೇಲೆ. ಒಂದೇ ಕಂಪನಿಯ ಹಿಡಿತದಲ್ಲಿರುವ ಜಾಲ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಬೆಂಗಳೂರಿನ ‘ಕೂ’ ಬಾಗಿಲು ಹಾಕಿದಾಗ ನೋಡಿದೆವು. ಮ್ಯಾಸ್ಟೊಡಾನ್ ಹಾಗಲ್ಲ. ಯಾರು ಬೇಕಾದರೂ ಸರ್ವರ್ ನಡೆಸಬಹುದು. ಇಮೇಲ್‌ನಂತೆ ಒಂದರಿಂದ ಇನ್ನೊಂದಕ್ಕೆ ಸಂದೇಶ ಹೋಗುತ್ತದೆ. ಅದಕ್ಕಾಗಿ ಬಳಸುವ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯನ್ನು ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಮಾನ್ಯ ಮಾಡಿತು. ಬ್ಲೂಸ್ಕೈನದು ಬೇರೆಯದೇ ನಿಯಮಾವಳಿ. ಎರಡರ ನಡುವೆ ಬ್ರಿಡ್ಜಿ ಫೆಡ್ ಎಂಬ ಸೇತುವೆ ಇದೆ.

ಸೇತುವೆ ಇದ್ದ ಮಾತ್ರಕ್ಕೆ ಸರಕು ಹಾಗೇ ದಾಟುತ್ತದೆಯೇ? ಮ್ಯಾಸ್ಟೊಡಾನ್‌ನ ಮಾಮೂಲಿ ಮಿತಿ 500 ಅಕ್ಷರ, ಬ್ಲೂಸ್ಕೈನದು 300. ಉದ್ದದ ಬರಹ ಅರ್ಧಕ್ಕೇ ನಿಂತು, ಉಳಿದದ್ದಕ್ಕೆ ಲಿಂಕ್ ಬರುತ್ತದೆ. ದಪ್ಪಕ್ಷರದ ಪಾಡಂತೂ ಕೇಳಲೇಬೇಡಿ. ಕೆಲವು ಸರ್ವರ್‌ಗಳು ಅದಕ್ಕೆ ಅವಕಾಶ ಕೊಡುತ್ತವೆ. ಮ್ಯಾಸ್ಟೊಡಾನ್ ಹೊರಗಿನಿಂದ ಬಂದ ದಪ್ಪಕ್ಷರ, ಪಟ್ಟಿಗಳನ್ನು ವರ್ಷಗಟ್ಟಲೆ ಸಾದಾ ಪಠ್ಯ ಮಾಡಿ ತೋರಿಸುತ್ತಿತ್ತು. ಇಂಗ್ಲಿಷಿನವರು ಗಣಿತದ ಸಂಕೇತಗಳನ್ನೇ ದಪ್ಪಕ್ಷರದಂತೆ ಅಂಟಿಸುವ ಕಳ್ಳದಾರಿ ಹಿಡಿದರು. ಕನ್ನಡಕ್ಕೆ ಆ ದಾರಿ ಇಲ್ಲ. ಇಲ್ಲದಿರುವುದೇ ಒಳ್ಳೆಯದು ಬಿಡಿ, ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಅಂಥ ಬರಹ ಕಿರಿಕಿರಿ.

ನನ್ನನ್ನು ಹೆಚ್ಚು ಕಾಡಿದ್ದು ಲಿಂಕಿನ ವಿಷಯ. ಪಠ್ಯದ ಯಾವ ಭಾಗ ಲಿಂಕ್ ಎಂಬುದನ್ನು ಬ್ಲೂಸ್ಕೈ ಬೈಟ್ ಲೆಕ್ಕದಲ್ಲಿ ಗುರುತಿಸುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್. ಅಕ್ಷರ ಎಣಿಸಿದರೂ ಬೈಟ್ ಎಣಿಸಿದರೂ ಒಂದೇ. ‘ಮಂಡ್ಯ’ ಎಂದು ಬರೆದು ಪಕ್ಕದಲ್ಲೇ ಲಿಂಕ್ ಕೊಟ್ಟರೆ ಅದು ಶುರುವಾಗುವುದು 15 ಬೈಟ್ ಆದ ಮೇಲೆ. ಪ್ರೋಗ್ರಾಂ ಬರೆದವರು ಸಂಕೇತ ಎಣಿಸಿ 5 ಎಂದುಕೊಂಡಿದ್ದರೆ ಲಿಂಕಿನ ಗೆರೆ ಊರಿನ ಹೆಸರಿನ ಮಧ್ಯಕ್ಕೇ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಈ ದೋಷ ಕಾಣಿಸುವುದೇ ಇಲ್ಲ.

ಕಣ್ಣಿಗೆ ಕಾಣದ ಅಕ್ಷರಗಳದ್ದು ಇನ್ನೊಂದು ಕತೆ. ‘ರ‍್ಯಾಂಕ್’ ಸರಿಯಾಗಿ ಮೂಡಬೇಕಾದರೆ ರ ಆದ ಮೇಲೆ ಅಂಥದ್ದೊಂದು ಜೋಡಕ ಬೇಕು. ದಾರಿಯಲ್ಲಿ ಯಾವುದೋ ಸರ್ವರ್ ಅದನ್ನು ಕಸವೆಂದು ಕಿತ್ತರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಹ್ಯಾಷ್‌ಟ್ಯಾಗ್ ಹುಡುಕುವ ತಂತ್ರಾಂಶಕ್ಕೆ ಹೇಳಿಕೊಡದಿದ್ದರೆ ಇವೆರಡೂ ಬೇರೆ ಬೇರೆ ಪದ.

ಕನ್ನಡಕ್ಕೆ ಈ ಪಾಡು ಹೊಸದಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಇಂದಿಗೂ ಕಲಸುಮೇಲೋಗರ. ಹೋದ ವರ್ಷ ನಮ್ಮ ವಾಟ್ಸ್ಆ್ಯಪ್ ಗ್ರೂಪಿಗೆ ಅಂಥದ್ದೊಂದು ಉದ್ಯೋಗ ಪ್ರಕಟಣೆ ಬಂದಿತ್ತು. ಮೊಬೈಲಿನಲ್ಲಿ ಕಂಡದ್ದು ಬರೀ ವಿಚಿತ್ರ ಚಿಹ್ನೆಗಳು. ಮಳವಳ್ಳಿಯ ಗೆಳೆಯ ಸೈಬರ್ ಸೆಂಟರಿಗೆ ಹೋಗಿ, ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ತೆರೆಸಿದ ಮೇಲೆ ಗೊತ್ತಾಯಿತು, ಅರ್ಜಿಗೆ ಅವತ್ತೇ ಕೊನೆಯ ದಿನ.

ಮ್ಯಾಸ್ಟೊಡಾನ್‌ನ ಕೋಡ್ ಬಹಿರಂಗವಾಗಿದೆ. ದೋಷ ಕಂಡರೆ ನಾವೇ ವರದಿ ಮಾಡಬಹುದು, ತಿದ್ದಿ ಕಳಿಸಲೂಬಹುದು. ಅದಕ್ಕೆ ಬೆಂಗಳೂರಿನ ಕಂಪನಿಯ ಐಡಿ ಕಾರ್ಡ್ ಬೇಕಿಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇನ್ನೊಂದು ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’ ತೋರಿಸುವುದಕ್ಕಿಂತ, ಕನ್ನಡದಲ್ಲಿ ಹಿಡಿದ ಒಂದು ದೋಷವನ್ನು ತೋರಿಸುವುದು ಮೇಲು ಅಂತ ನನ್ನ ಅನಿಸಿಕೆ. ಈಗ ಯಾವ ಹೊಸ ಆ್ಯಪ್ ಸಿಕ್ಕರೂ ನಾನು ಮೊದಲು ನಮ್ಮ ಮೂರು ಊರುಗಳ ಹೆಸರು, ಒಂದು ‘ರ‍್ಯಾಂಕ್’, ಕೊನೆಗೆ ಒಂದು ಲಿಂಕ್ ಹಾಕಿ ಕಳಿಸುತ್ತೇನೆ. ಆಮೇಲೆ ಬೇರೆ ಸರ್ವರಿನ ಖಾತೆಯಿಂದ ತೆರೆದು, ಏನು ಉಳಿದಿದೆ ಅಂತ ನೋಡುತ್ತೇನೆ.