ಪಂಪಿನ ಪೆಟ್ಟಿಗೆ ಟಕಟಕ ಅಂದರೆ ಗ್ರೌಂಡ್ ತಂತಿ ನೋಡಿ

ಸುರಂಗದ ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳಲು 12 ವೋಲ್ಟಿನ ಡಿಸಿ ಪಂಪು, ಒಂದು ಬ್ಯಾಟರಿ, ಒಂದು ಸೋಲಾರ್ ಫಲಕ ಸಾಕಾಗುವ ತೋಟಗಳುಂಟು. ನೀರು ಮುಗಿದಾಗ ಪಂಪು ತಾನಾಗಿ ನಿಲ್ಲಲಿ ಎಂದು ಇದಕ್ಕೊಂದು ಡ್ರೈ ರನ್ ಪೆಟ್ಟಿಗೆಯನ್ನು ಊರಿನ ರಿಪೇರಿಯವರಿಂದ ಮಾಡಿಸಿಕೊಳ್ಳುತ್ತಾರೆ. ಕೈ ಪಳಗಿದವರು ತಾವೇ ಮಾಡಿಕೊಳ್ಳುತ್ತಾರೆ. ಆಮೇಲೆ ಬರುವ ದೂರು ಎರಡು ಬಗೆ. ನೀರಿಲ್ಲದಿದ್ದರೂ ಪಂಪು ನಿಲ್ಲುವುದಿಲ್ಲ, ಸೀಲು ಸುಟ್ಟು ಹೋಗ್ತದೆ. ಅಥವಾ ನೀರು ತುಂಬ ಇರುವಾಗಲೇ ರಿಲೇ ಟಕಟಕ ಅಂದು ನಿಂತುಬಿಡ್ತದೆ. ಮಾರ್ಚ್ ತಿಂಗಳಲ್ಲಿ ಎರಡು ದಿನ ಹೀಗಾದರೆ ಹೊಸ ಅಡಿಕೆ ಸಸಿಗಳ ಗತಿ ಹೇಳಬೇಕೇ?

ಕೂಡಲೇ ಐಸಿ ಬದಲಿಸುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದ್ದು ತಂತಿ.

ಪೆಟ್ಟಿಗೆಯ ಕೆಲಸ ಸರಳ. ಪಂಪಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಹೋಗುವ ದಾರಿಯಲ್ಲಿ ಷಂಟ್ ಎಂಬ ಅತಿ ಸಣ್ಣ ರೆಸಿಸ್ಟರ್ ಇರುತ್ತದೆ. ಅದು 10 ಮಿಲಿಓಮ್‌ನದ್ದು ಎಂದಿಟ್ಟುಕೊಳ್ಳಿ. ನೀರು ಎತ್ತುವಾಗ ಪಂಪು 5 ಆಂಪಿಯರ್ ಎಳೆದರೆ ಷಂಟಿನ ಮೇಲೆ 50 ಮಿಲಿವೋಲ್ಟ್ ಸಿಗ್ತದೆ. ನೀರು ಮುಗಿದು ಕರೆಂಟು 2 ಆಂಪಿಯರಿಗೆ ಇಳಿದರೆ 20 ಮಿಲಿವೋಲ್ಟ್. ಇಷ್ಟು ಸಣ್ಣದನ್ನು ಆಂಪ್ಲಿಫೈಯರ್ 50 ಪಟ್ಟು ಹಿಗ್ಗಿಸುತ್ತದೆ. ಅಂದರೆ ನೀರಿದ್ದಾಗ 2.5 ವೋಲ್ಟ್, ಇಲ್ಲದಾಗ 1 ವೋಲ್ಟ್. 1.5ರ ಕೆಳಗೆ ಇಳಿದರೆ ಪಂಪು ನಿಲ್ಲಿಸು ಎಂದು ಹೊಂದಿಸಿದರೆ ಮುಗಿಯಿತು.

ಈಗ ತಂತಿಯ ಲೆಕ್ಕ ನೋಡಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಮೀಟರ್ ಉದ್ದಕ್ಕೆ ಸುಮಾರು 17 ಮಿಲಿಓಮ್. ಒಂದು ಅಡಿಗೆ 5 ಮಿಲಿಓಮ್, ನಮ್ಮ ಷಂಟಿನ ಅರ್ಧದಷ್ಟಾಯಿತು! ಷಂಟಿನಿಂದ ಬ್ಯಾಟರಿಗೆ ಇಂಥ ಒಂದು ಅಡಿ ತಂತಿ ಉಂಟು, ಆಂಪ್ಲಿಫೈಯರಿನ ಗ್ರೌಂಡನ್ನು ಮಾತ್ರ ಬ್ಯಾಟರಿಯ ತುದಿಯಲ್ಲಿ ಸಿಕ್ಕಿಸಿದ್ದಾರೆ ಎಂದಾದರೆ ಅದು ಷಂಟಿನ ಜೊತೆ ತಂತಿಯನ್ನೂ ಅಳೆಯುತ್ತದೆ. ನೀರಿಲ್ಲದಾಗ 20ರ ಬದಲು 30 ಮಿಲಿವೋಲ್ಟ್. ಹಿಗ್ಗಿಸಿದರೆ ಸರಿಯಾಗಿ 1.5 ವೋಲ್ಟ್! ಹೊಸ್ತಿಲಲ್ಲೇ ನಿಂತ ರಿಲೇ ಟಕಟಕ ಅನ್ನದೆ ಇನ್ನೇನು ಮಾಡೀತು? ಮಳೆಗಾಲದಲ್ಲಿ ಜಾಯಿಂಟಿಗೆ ಹಸಿರು ಕಿಲುಬು ಹಿಡಿದರೆ ಇನ್ನಷ್ಟು ಕೂಡಿ ಪಂಪು ನಿಲ್ಲುವುದೇ ಇಲ್ಲ. ಪಂಪಿನ ನಡುಕಕ್ಕೆ ಸಡಿಲ ಜಾಯಿಂಟು ಅಲುಗಿದಂತೆಲ್ಲ ಔಟ್‌ಪುಟ್ ಕುಣಿಯುತ್ತದೆ.

ಇದನ್ನು ನೋಡದೆ ಪ್ರಿಸೆಟ್ ತಿರುಗಿಸಿ ಸರಿಮಾಡುವುದು ಕೆಟ್ಟ ಉಪಾಯ. ಹೊಸ್ತಿಲನ್ನು ಎತ್ತರಿಸಿಟ್ಟು, ಮುಂದೊಂದು ದಿನ ಯಾರೋ ಆ ಜಾಯಿಂಟನ್ನು ಉಜ್ಜಿ ಬಿಗಿ ಮಾಡಿದರೆ, ಅಳತೆ ಇಳಿದು ನೀರಿರುವಾಗಲೇ ಪಂಪು ನಿಲ್ಲುತ್ತದೆ.

ಅರ್ತಿಂಗ್ ಬೇರೆ, ಇದು ಬೇರೆ

ಗ್ರೌಂಡ್ ಅಂದ ಕೂಡಲೇ ಅರ್ತ್ ಗುಂಡಿಗೆ ಉಪ್ಪುನೀರು ಹೊಯ್ಯುವವರಿದ್ದಾರೆ. ಎಸಿ ಮೋಟಾರಿಗೆ ಅರ್ತಿಂಗ್ ಜೀವ ಉಳಿಸುವಂಥದ್ದು, ಬಿಡಲೇಬಾರದು. ಆದರೆ ಇಲ್ಲಿ ಹೇಳ್ತಾ ಇರುವುದು ಪೆಟ್ಟಿಗೆಯೊಳಗೆ ಕರೆಂಟು ಬ್ಯಾಟರಿಗೆ ಮರಳುವ ತಂತಿಯ ಮಾತು. ಗುಂಡಿಗೂ ಅದಕ್ಕೂ ಸಂಬಂಧವಿಲ್ಲ.

ಪರೀಕ್ಷೆಗೆ ಅಗ್ಗದ ಹಳದಿ ಮಲ್ಟಿಮೀಟರ್ ಸಾಕು. ಡಿಸಿ 200 ಮಿಲಿವೋಲ್ಟಿಗೆ ತಿರುಗಿಸಿ. ಪಂಪು ಓಡುತ್ತಿರಲಿ. ಕಪ್ಪು ಕಡ್ಡಿಯನ್ನು ಷಂಟಿನ ಬ್ಯಾಟರಿ ಕಡೆಯ ತುದಿಗೇ ಹಿಡಿಯಿರಿ, ಕೆಂಪನ್ನು ಐಸಿಯ ಗ್ರೌಂಡ್ ಕಾಲಿಗೆ. ಎಲ್‌ಎಂ 358 ಆದರೆ ಅದು 4ನೇ ಕಾಲು. ಸೊನ್ನೆಯ ಆಸುಪಾಸಿನಲ್ಲಿರಬೇಕು. ಹತ್ತಿಪ್ಪತ್ತು ಮಿಲಿವೋಲ್ಟ್ ಕಂಡರೆ (ಮೈನಸ್ ಗುರುತಿದ್ದರೂ ಅಷ್ಟೇ) ಕಳ್ಳ ಸಿಕ್ಕಿದ. ತಂತಿ ಅಲುಗಿಸಿದಾಗ ಅಂಕಿ ಹಾರಿದರೆ ಸಂಶಯವೇ ಬೇಡ. ಐಸಿಗೂ ತನ್ನದೇ ಎರಡು ಮೂರು ಮಿಲಿವೋಲ್ಟಿನ ತಪ್ಪು ಇರಬಹುದು, ಆದರೆ ಅದು ಪಂಪು ನಿಂತಾಗಲೂ ಓಡುವಾಗಲೂ ಹೆಚ್ಚುಕಡಿಮೆ ಒಂದೇ. ಪಂಪಿನ ಜೊತೆ ಏರಿಳಿಯುವುದು ತಂತಿಯ ತಪ್ಪು.

ಸರಿಮಾಡುವ ಮೊದಲು ಬ್ಯಾಟರಿಯ ಫ್ಯೂಸ್ ತೆಗೆಯಿರಿ. ಷಂಟಿನ ಎರಡೂ ತುದಿಗಳಿಂದ, ತುದಿಗೇ ಬೆಸುಗೆ ಹಾಕಿ, ಎರಡು ಸಪೂರ ತಂತಿಗಳನ್ನು ಒಟ್ಟಿಗೆ ಹೊಸೆದು ಆಂಪ್ಲಿಫೈಯರಿಗೆ ಕೊಡಿ. ಬ್ಯಾಟರಿ ಕಡೆಯ ತುದಿಯದ್ದೇ ಆಂಪ್ಲಿಫೈಯರಿನ ಗ್ರೌಂಡ್. ಪಂಪಿನ ಕರೆಂಟು ದಪ್ಪ ತಂತಿಯಲ್ಲಿ ಹೋಗಲಿ, ಈ ಸಪೂರ ತಂತಿಗಳಲ್ಲಿ ಬೇಡ. ರಿಲೇಯ ಮತ್ತು ಮೊಬೈಲ್ ಮೋಡ್ಯೂಲಿನ ಗ್ರೌಂಡನ್ನೂ ಅದೇ ತುದಿಯ ಬೋಲ್ಟಿಗೆ ತನ್ನಿ, ಆದರೆ ಬೇರೆ ಬೇರೆ ತಂತಿಯಲ್ಲಿ. 2ಜಿ ಮೋಡ್ಯೂಲ್ ಮಾತಾಡುವಾಗ ಕ್ಷಣಕಾಲ 2 ಆಂಪಿಯರ್ ವರೆಗೆ ಎಳೆಯುವುದುಂಟು. ಅದು ಆಂಪ್ಲಿಫೈಯರಿನ ಸಪೂರ ತಂತಿಯಲ್ಲೇ ಮರಳಿದರೆ ಪ್ರತಿ ಫೋನ್ ಕರೆಗೂ ಅಳತೆ ಹಾರುತ್ತದೆ.

ಇಷ್ಟಾದರೂ ಸ್ವಲ್ಪ ಕುಣಿತ ಉಳಿದರೆ ಅದು ಮೋಟಾರಿನ ಬ್ರಷ್ಷಿನ ಕಿಡಿಯದ್ದು ಇರಬಹುದು. ಎಎಂ ರೇಡಿಯೋ ಹತ್ತಿರ ಹಿಡಿದರೆ ಕರಕರ ಕೇಳ್ತದೆ. ಐಸಿಯ ಪವರ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಔಟ್‌ಪುಟ್‌ಗೆ 1 ಕಿಲೋಓಮ್, ಆಮೇಲೆ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಸೇರಿಸಿ. ಈ ಸೋಸಣಿಗೆ ತಪ್ಪು ಗ್ರೌಂಡಿಗೆ ಮದ್ದಲ್ಲ, ಕೊನೆಗೆ ಹಾಕುವಂಥದ್ದು.

ಇದೆಲ್ಲ 12 ವೋಲ್ಟಿನ ಪೆಟ್ಟಿಗೆಗೆ ಮಾತ್ರ. ಬೋರ್‌ವೆಲ್‌ನ ಮೂರು ಫೇಸಿನ ಪ್ಯಾನೆಲಿನಲ್ಲಿ ಷಂಟಿನ ಬದಲು ಸಿಟಿ ಎಂಬ ಸುರುಳಿ ಇರುತ್ತದೆ. ಮೋಟಾರು ಓಡುವಾಗ ಅದರ ತಂತಿ ಬಿಚ್ಚಿದರೆ ತುದಿಗಳಲ್ಲಿ ಅಪಾಯಕಾರಿ ವೋಲ್ಟೇಜ್ ಏಳಬಹುದು. ಅಲ್ಲಿ ಕೈ ಹಾಕುವುದು ಬೇಡ, ಬಲ್ಲವರನ್ನೇ ಕರೆಯಿರಿ.