ಪ್ಲಾಸ್ಟಿಕ್ ಸರ್ಜರಿ: ಸಹಿ ಹಾಕುವ ಮುನ್ನ

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ಬಹುಮಂದಿಗೆ ನೆನಪಾಗುವುದು ಸಿನಿಮಾ ತಾರೆಯರ ಮೂಗು, ತುಟಿ. ಆದರೆ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ಮಾಕಳಿ, ಮಾದನಾಯಕನಹಳ್ಳಿಯ ಕಡೆ ಹೋದರೆ ಈ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಇಲ್ಲಿರುವುದು ಸಣ್ಣಪುಟ್ಟ ಕಾರ್ಖಾನೆಗಳ ಲೋಕ. ಶೆಡ್ಡಿನೊಳಗೆ ಲೇತು, ಪವರ್ ಪ್ರೆಸ್, ತಗಡು ಕತ್ತರಿಸುವ ಯಂತ್ರ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಮೊದಲು ಕೆಲಸ ಕಲಿಯುವುದು ಇಂತಹ ಕಡೆಯೇ. ಪ್ರೆಸ್ಸಿನ ಅಡಿ ಕೈ ಸಿಕ್ಕಿದರೆ ಆ ಬೆರಳನ್ನು ಉಳಿಸಲು ಕೂರುವ ವೈದ್ಯ ಹೆಚ್ಚಿನ ಸಂದರ್ಭದಲ್ಲಿ ಪ್ಲಾಸ್ಟಿಕ್ ಸರ್ಜನ್. ಸುಟ್ಟ ಗಾಯಕ್ಕೆ ತೊಡೆಯ ಚರ್ಮ ತೆಗೆದು ಹೊದಿಸುವವರೂ ಅವರೇ, ಸೀಳುತುಟಿಯ ಕೂಸಿಗೆ ತುಟಿ ಹೊಲಿಯುವವರೂ ಅವರೇ.

ಹೆಸರಿನಲ್ಲಿ ಪ್ಲಾಸ್ಟಿಕ್ ಇದೆ ಎಂದು ದೇಹಕ್ಕೆ ಪ್ಲಾಸ್ಟಿಕ್ ಅಂಟಿಸುತ್ತಾರೆಂದು ತಿಳಿಯಬೇಕಿಲ್ಲ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಅಚ್ಚು ಮಾಡು, ರೂಪ ಕೊಡು ಎಂಬ ಅರ್ಥ. ಕನ್ನಡದಲ್ಲಿ ಇದನ್ನು ಸುರೂಪಿಕಾ ಶಸ್ತ್ರಚಿಕಿತ್ಸೆ ಎಂದು ಕರೆದವರುಂಟು. ಹೆಸರು ಚೆನ್ನಾಗಿದೆಯಾದರೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಶ್ರೀರಂಗಪಟ್ಟಣದ ಯುದ್ಧದ ಮೂಗು

ಈ ವಿದ್ಯೆಯ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಕೊಂಡಿಯಿದೆ. ಸುಶ್ರುತ ಸಂಹಿತೆಯಲ್ಲಿ ತುಂಡಾದ ಮೂಗನ್ನು ಮತ್ತೆ ಕಟ್ಟುವ ಕ್ರಮ ಇರುವುದು ಎಲ್ಲರಿಗೂ ಗೊತ್ತು. ಯುರೋಪಿನವರ ಕಣ್ಣಿಗೆ ಅದು ಸರಿಯಾಗಿ ಬಿದ್ದದ್ದು 1792ರ ಮೈಸೂರು ಯುದ್ಧದ ನಂತರ. ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬ ಮರಾಠ, ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಕೆಲಸದ ಮನೆತನದವನೊಬ್ಬ ಅವನ ಹಣೆಯ ಚರ್ಮವನ್ನು ಎಲೆಯಾಕಾರದಲ್ಲಿ ಬಿಡಿಸಿ, ಕೆಳಕ್ಕೆ ತಿರುಗಿಸಿ, ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಚಿತ್ರಸಹಿತ ಇದನ್ನು ಪ್ರಕಟಿಸಿತು. ಅದನ್ನು ಓದಿ ಶವಗಳ ಮೇಲೆ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ 1814ರಲ್ಲಿ ತಾನೂ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಬೆರಳು ತುಂಡಾದಾಗ

ಕಾರ್ಖಾನೆಯ ಅಪಘಾತದಲ್ಲಿ ಚಿಕಿತ್ಸೆಯ ಅರ್ಧ ಭವಿಷ್ಯ ಆಸ್ಪತ್ರೆ ತಲುಪುವ ಮೊದಲೇ ನಿರ್ಧಾರವಾಗಿರುತ್ತದೆ. ತುಂಡಾದ ಬೆರಳನ್ನು ಹಾಗೆಯೇ ಐಸಿನೊಳಗೆ ಹಾಕಿ ತರುವವರಿದ್ದಾರೆ. ನೀರಿನಲ್ಲಿ ಮುಳುಗಿಸಿ ತರುವವರೂ ಇದ್ದಾರೆ. ಎರಡೂ ತಪ್ಪು. ಐಸು ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ನೀರಿನಲ್ಲಿ ಬಿದ್ದ ಬೆರಳು ಊದಿಕೊಂಡು, ಕೂದಲೆಳೆಯಂಥ ರಕ್ತನಾಳಗಳನ್ನು ಹೊಲಿಯುವುದು ಕಷ್ಟವಾಗುತ್ತದೆ. ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಬೆರಳನ್ನು ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಐಸು ಬೆರೆಸಿದ ನೀರಿರುವ ಇನ್ನೊಂದು ಚೀಲದೊಳಗೆ ಇಡಬೇಕು. ಗಾಯದ ಕಡೆ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿದರೆ ರಕ್ತ ನಿಲ್ಲುತ್ತದೆ. ಕಾಫಿಪುಡಿ, ಅರಿಶಿನ ಮೆತ್ತುವ ಹಳೆಯ ಚಾಳಿಯನ್ನು ಮಾತ್ರ ದಯವಿಟ್ಟು ಬಿಡಬೇಕು. ಅದನ್ನು ತೊಳೆದು ತೆಗೆಯುವುದೇ ವೈದ್ಯರಿಗೆ ಒಂದು ಗಂಟೆಯ ಕೆಲಸವಾದೀತು.

ತಣ್ಣಗೆ ಇಟ್ಟ ಬೆರಳಿಗೆ ಕೆಲವು ಗಂಟೆಗಳ ಅವಕಾಶ ಇರುತ್ತದೆ. ಆದರೆ ಮಾಂಸಖಂಡ ಹೆಚ್ಚಿರುವ ಮುಂಗೈ, ತೋಳು ತುಂಡಾದರೆ ಸಮಯ ತೀರಾ ಕಡಿಮೆ. ಆದ್ದರಿಂದ ಸಿಕ್ಕ ಮೊದಲ ನರ್ಸಿಂಗ್ ಹೋಮಿನಲ್ಲಿ ಕಾಯುತ್ತ ಕೂರುವ ಬದಲು, ಕೈ ಶಸ್ತ್ರಚಿಕಿತ್ಸೆ ಮಾಡುವವರು ಎಲ್ಲಿದ್ದಾರೆ ಎಂದು ದಾರಿಯಲ್ಲೇ ಫೋನು ಮಾಡಿ ವಿಚಾರಿಸಬೇಕು. ಇಎಸ್‌ಐ ವ್ಯಾಪ್ತಿಗೆ ಬರುವ ಕಾರ್ಮಿಕನಿಗೆ ಕೆಲಸದ ವೇಳೆಯ ಗಾಯದ ಮಟ್ಟಿಗೆ ಮೊದಲ ದಿನದಿಂದಲೇ ರಕ್ಷಣೆ ಉಂಟು. ಮಗನನ್ನು ಕೆಲಸಕ್ಕೆ ಕಳಿಸುವ ತಂದೆತಾಯಿ ಸಂಬಳ ಎಷ್ಟೆಂದು ಕೇಳುವಾಗಲೇ ಇದನ್ನೂ ಕೇಳಬಹುದು. ಕೂಡಿಸಿದ ಬೆರಳು ಮೊದಲಿನಂತೆಯೇ ಆಡುತ್ತದೆ ಎಂಬ ಭರವಸೆಯನ್ನು ಯಾವ ಪ್ರಾಮಾಣಿಕ ವೈದ್ಯನೂ ಕೊಡುವುದಿಲ್ಲ. ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಅರ್ಧಕ್ಕೆ ಬಿಟ್ಟರೆ ಬೆರಳು ಕಟ್ಟಿಗೆಯಂತೆ ನಿಲ್ಲುತ್ತದೆ.

ಸುಟ್ಟ ಗಾಯಕ್ಕೂ ಇದೇ ಮಾತು. ನಲ್ಲಿಯ ಹರಿವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡುವುದು ಮೊದಲ ಚಿಕಿತ್ಸೆ. ಟೂತ್‌ಪೇಸ್ಟ್, ಇಂಕು ಬೇಡ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೆಂದೇ ವಿಭಾಗವಿದೆ. 2016ರಿಂದ ಅಲ್ಲಿ ಚರ್ಮ ಬ್ಯಾಂಕ್ ಕೂಡ ಇದೆ. ಸಾವಿನ ನಂತರ ಆರು ಗಂಟೆಯೊಳಗೆ ಚರ್ಮದಾನ ಮಾಡಬಹುದು.

ಮನೆಯಲ್ಲಿ ಹೇಳದೆ ಹೋದ ಮಗಳು

ಇನ್ನು ಅಂದಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯ ವಿಚಾರ. ಇಲ್ಲಿ ಅವಸರ ಯಾರಿಗೂ ಇಲ್ಲ, ಇರಲೂಬಾರದು. 2022ರ ಮೇ 16ರಂದು ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ ತೀರಿಕೊಂಡರು. ವಯಸ್ಸು 21. ಚಿಕಿತ್ಸೆಗೆ ಹೋಗುವುದನ್ನು ಅವರು ಹೆತ್ತವರಿಗೆ ತಿಳಿಸಿರಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗಿ, ಬೇರೊಂದು ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ನಿರ್ಲಕ್ಷ್ಯವೇ ಕಾರಣವೆಂದು ಪೋಷಕರು ದೂರಿದರು. ಇಂತಹ ಶಸ್ತ್ರಚಿಕಿತ್ಸೆ ನಡೆಸಲು ಕ್ಲಿನಿಕ್ಕಿಗೆ ಪರವಾನಗಿ ಇರಲಿಲ್ಲವೆಂದು ಆರೋಗ್ಯಾಧಿಕಾರಿಗಳು ನೋಟಿಸು ಕೊಟ್ಟದ್ದೂ ಆಗ ಪತ್ರಿಕೆಗಳಲ್ಲಿ ವರದಿಯಾಯಿತು.

ಮಗಳು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುವುದು ಸುಲಭ. ಹೇಳಿದರೆ ಬೈಗುಳವೇ ಉತ್ತರವಾಗುವ ಮನೆಗಳಲ್ಲಿ ಮಕ್ಕಳು ಹೇಳುವುದಿಲ್ಲ. 'ನಿನಗೇನು ಬಂತು ದೊಡ್ಡ ರೋಗ' ಎನ್ನುವ ಬದಲು 'ಡಾಕ್ಟರ ಹತ್ತಿರ ಒಂದ್ಸಲ ನಾನೂ ಬರ್ತೀನಿ' ಎಂದರೆ ಮಾತು ಮುಂದುವರಿಯುತ್ತದೆ. ಹದಿನೆಂಟು ತುಂಬದವರಿಗೆ ಹೇಗೂ ಹೆತ್ತವರ ಒಪ್ಪಿಗೆ ಬೇಕು.

ಕೊಬ್ಬು ತೆಗೆಸುವುದು ತೂಕ ಇಳಿಸುವ ಉಪಾಯವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ವ್ಯಾಯಾಮಕ್ಕೂ ಪಥ್ಯಕ್ಕೂ ಜಗ್ಗದ ಒಂದು ಕಡೆಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದಷ್ಟೇ ಅದರ ಕೆಲಸ. ಒಮ್ಮೆಗೆ ಐದು ಲೀಟರಿಗಿಂತ ಹೆಚ್ಚು ತೆಗೆದರೆ ಅಪಾಯ ಏರುತ್ತದೆ. ಕೊಬ್ಬಿನ ಕಣ ರಕ್ತನಾಳ ಸೇರುವುದು, ರಕ್ತ ಹೆಪ್ಪುಗಟ್ಟುವುದು, ಅರಿವಳಿಕೆ ಔಷಧಿಯ ಪ್ರಮಾಣ ಮೀರುವುದು ಅಪರೂಪವಾದರೂ ಪ್ರಾಣಕ್ಕೆ ಬರುವಂಥವು.

ಯಾರ ಕೈ, ಎಲ್ಲಿ?

ಬಿಳಿ ಕೋಟು ಹಾಕಿದವರೆಲ್ಲ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಸಾಮಾನ್ಯವಾಗಿ ಎಂಬಿಬಿಎಸ್ ನಂತರ ಎಂಎಸ್, ಆಮೇಲೆ ಮೂರು ವರ್ಷದ ಎಂಸಿಎಚ್, ಇಲ್ಲವೇ ಅದಕ್ಕೆ ಸಮನಾದ ರಾಷ್ಟ್ರೀಯ ಮಂಡಳಿಯ ಪದವಿ ಮುಗಿದಿರಬೇಕು. ಬೋರ್ಡಿನಲ್ಲಿ 'ಕಾಸ್ಮೆಟಿಕ್' ಎಂದು ಬರೆಸುವುದಕ್ಕೆ ಬಣ್ಣ ಸಾಕು! ವೈದ್ಯರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಇದೆಯೇ, ಅಲ್ಲಿ ಯಾವ ಪದವಿ ದಾಖಲಾಗಿದೆ ಎಂದು ನೋಡಬಹುದು. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಪ್ರಮಾಣಪತ್ರವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅದು ಯಾವ ಚಿಕಿತ್ಸೆಗೆ ಎಂಬುದನ್ನೂ ಓದಬೇಕು.

ಹುಡುಗರ ನಡುವೆ ಈಗ ಕೂದಲು ನಾಟಿಯ ಮಾತು ಜೋರಾಗಿದೆ. ಅದೂ ಶಸ್ತ್ರಚಿಕಿತ್ಸೆಯೇ. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಇದಕ್ಕೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು ಎಂದರೆ ಪರಿಸ್ಥಿತಿ ಊಹಿಸಬಹುದು.

ಅರಿವಳಿಕೆ ಕೊಡುವವರು ಯಾರು, ಅವರು ಕೊನೆಯವರೆಗೆ ಪಕ್ಕದಲ್ಲೇ ಇರುತ್ತಾರೆಯೇ, ತೀವ್ರ ನಿಗಾ ಘಟಕ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಸಾಗಿಸುತ್ತೀರಿ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆಯಿಂದ ಎದ್ದು ಬರುವುದು ಲೇಸು.

ರೋಗಿಯೂ ಮುಚ್ಚಿಡಬಾರದು. ಸಿಗರೇಟು ಸೇದುವ ಹುಡುಗ ಅಪ್ಪನ ಎದುರು ಇಲ್ಲವೆನ್ನುತ್ತಾನೆ. ಹೊಗೆ ಚರ್ಮದ ರಕ್ತಸಂಚಾರ ತಗ್ಗಿಸುವುದರಿಂದ ಗಾಯ ಮಾಯುವುದಿಲ್ಲ. ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ಆದ್ದರಿಂದ ವೈದ್ಯರ ಬಳಿ ಒಬ್ಬನೇ ಐದು ನಿಮಿಷ ಮಾತಾಡಲು ಬಿಡುವುದು ಒಳ್ಳೆಯದು. ಆಸ್ಪಿರಿನ್, ನಾಟಿ ಔಷಧಿ, ಆಸ್ತಮಾ, ಸಕ್ಕರೆ ಕಾಯಿಲೆ, ಹಿಂದೆ ಗಾಯವಾದಾಗ ಗಂಟುಗಂಟಾಗಿ ಕಲೆ ಬೆಳೆದದ್ದು, ಎಲ್ಲವನ್ನೂ ಹೇಳಬೇಕು.

ಮೂಗು ತಿದ್ದಿಸುವ ಆಸೆಯಿದ್ದರೆ ಮುಖದ ಬೆಳವಣಿಗೆ ಮುಗಿಯುವವರೆಗೆ, ಹುಡುಗಿಯರಲ್ಲಿ ಸುಮಾರು ಹದಿನಾರು, ಹುಡುಗರಲ್ಲಿ ಹದಿನೆಂಟರವರೆಗೆ ಕಾಯುವುದು ವಾಡಿಕೆ. ಮೂಗಿನ ಅಂತಿಮ ಆಕಾರ ಕಾಣಲು ಒಂದು ವರ್ಷವೇ ಬೇಕಾಗುತ್ತದೆ. ಪರೀಕ್ಷೆ ಮುಗಿದ ವಾರ ಮಾಡಿಸಿ, ಮುಂದಿನ ವಾರ ಅಕ್ಕನ ಮದುವೆಯ ಫೋಟೋದಲ್ಲಿ ನಿಲ್ಲುವ ಲೆಕ್ಕಾಚಾರ ನಡೆಯುವುದಿಲ್ಲ. ಬೇರೆಯವರ ಕಣ್ಣಿಗೆ ಕಾಣದ ಕೊರತೆಯನ್ನು ದಿನವಿಡೀ ಕನ್ನಡಿಯಲ್ಲಿ ಹುಡುಕುವ ಮಕ್ಕಳಿಗೆ ಮೊದಲು ಬೇಕಾದದ್ದು ಮನೋವೈದ್ಯರು. ಅಂಥವರಿಗೆ ಎಷ್ಟು ಸಲ ಮೂಗು ತಿದ್ದಿದರೂ ತೃಪ್ತಿಯಾಗುವುದಿಲ್ಲ.

ಹಣದ ಮಾತು ಬರಹದಲ್ಲಿರಲಿ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಮರುರೂಪಕ್ಕೆ ವಿನಾಯಿತಿ ಉಂಟು.

ಒಪ್ಪಿಗೆ ಪತ್ರವನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಸಹಿ ಮಾಡುವುದಲ್ಲ, ಹಿಂದಿನ ದಿನವೇ ಮನೆಗೆ ತಂದು ಓದಬೇಕು. ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದು ಕೇಳಬೇಕು. ಒಂದಕ್ಕೆ ಪಡೆದ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಣ ಪಡೆದು ನೀಡುವ ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಅದೇ ನ್ಯಾಯಾಲಯ 1995ರಲ್ಲೇ ಹೇಳಿತ್ತು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವೂ ಇದೆ.

ಮನೆಗೆ ಹೊರಡುವಾಗ ರಾತ್ರಿ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಉಸಿರು ಕಟ್ಟುವುದು, ಎದೆನೋವು, ಮೀನಖಂಡದ ಊತ, ಹೆಚ್ಚುತ್ತ ಹೋಗುವ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ, ಕ್ಲಿನಿಕ್ಕಿನವರು ಮರಳಿ ಫೋನು ಮಾಡಲೆಂದೂ ಕಾಯದೆ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಏನೇನು ಮಾಡಿದ್ದಾರೆ ಎಂಬ ಕಾಗದ ಕೈಯಲ್ಲಿರಲಿ.